ಮುನ್ನೂರರ ಮೇಲಿನ ಐವತ್ತು

ಮುನ್ನೂರಲ್ಲ, ಮುನ್ನೂರೈವತ್ತು. ಇದನ್ನು ಎಷ್ಟು ಸಲ ಹೇಳಿದ್ದೇನೋ ನನಗೇ ಗೊತ್ತಿಲ್ಲ. ಹೇಳಿ ಹೇಳಿ ನನ್ನ ಗಂಟಲು ಒಣಗಿತೇ ಹೊರತು ಆ ಕಟ್ಟಡದಲ್ಲಿ ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಮುಂದೆ ನಾಲ್ಕನೆಯ ಕಾಲನ್ನು ಹಿಡಿದು ತೋರಿಸಿದರೆ, ಅದು ಬಾಲ ಎನ್ನುತ್ತಾರೆ.

ನಾನು ಲಿಫ್ಟ್ ರಿಪೇರಿ ಮಾಡುವವನು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ನನ್ನ ಪಾಲಿಗೆ ಬಂದಿರುವ ಹದಿನಾಲ್ಕು ಕಟ್ಟಡಗಳಲ್ಲಿ ಒಂದು ಈ ಏಳು ಮಹಡಿಯದು. ಅದರ ನೆಲಮಹಡಿಯ ಕನ್ನಡಕದ ಅಂಗಡಿಯಲ್ಲಿ ನಮ್ಮ ಭಾವ ಕೆಲಸ ಮಾಡುತ್ತಾರೆ. ಊರಿಗೆಲ್ಲ ಕಣ್ಣು ಕಾಣಿಸುವ ಹಾಗೆ ಮಾಡುವ ಮನುಷ್ಯನಿಗೆ ತನ್ನ ಮೂಗಿನ ಕೆಳಗಿನದು ಮಾತ್ರ ಕಾಣದು. ಆರನೆಯ ಮಹಡಿಯ ಹೊಲಿಗೆ ಕಾರ್ಖಾನೆಯಲ್ಲಿ ಅಕ್ಕ ಇದ್ದಾಳೆ. ಅಮ್ಮ ಸತ್ತಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿನೇಳು. ನನ್ನ ಅಂಗಿ, ನನ್ನ ಶಾಲೆ, ನನ್ನ ಜ್ವರ, ನನ್ನ ಜಗಳ ಎಲ್ಲವೂ ಅವಳ ಪಾಲಿನವು. ಹಾಗಾಗಿ ಅವಳ ಎಡ ಎದೆಯಲ್ಲಿ ಅಂಗಿಯ ಗುಂಡಿಯಷ್ಟು ದೊಡ್ಡ ಗಂಟು ಸಿಕ್ಕಿದೆ, ಬೇಗ ತೆಗೆಯಬೇಕು ಎಂದು ಡಾಕ್ಟರು ಹೇಳಿದಾಗ ಭಾವನಿಗಿಂತ ಮೊದಲು ಕುರ್ಚಿ ಹುಡುಕಿ ಕೂತವನು ನಾನು. ಆಪರೇಷನ್ನಿಗೆ ಒಂದು ಬುಧವಾರ ನಿಗದಿಯಾಯಿತು.

ಅದಕ್ಕೆ ಆರು ದಿನ ಮೊದಲು, ಗುರುವಾರ ಬೆಳಿಗ್ಗೆ, ಲಿಫ್ಟ್ ಜಾರಿತು.

ಜಾರಿದ್ದರಲ್ಲಿ ಆಶ್ಚರ್ಯವೇನಿಲ್ಲ. ಬ್ರೇಕಿನ ಲೈನಿಂಗ್ ಸವೆದಿದೆ, ಬದಲಾಯಿಸಬೇಕು ಎಂದು ನಾನು ಕಟ್ಟಡದ ಸಂಘದ ಕಾರ್ಯದರ್ಶಿಗೆ ಮೂರು ಸಲ ಬರೆದು ಕೊಟ್ಟಿದ್ದೆ. ಮೂರೂ ಸಲ ಆ ಮಹಾನುಭಾವ ನೋಡೋಣ ಎಂದಿದ್ದ. ಆರು ಜನರ ಲಿಫ್ಟಿಗೆ ಎಂಟು ಜನ ಹತ್ತಿದರು, ಅವರಲ್ಲಿ ಅಕ್ಕನೂ ಒಬ್ಬಳು. ಐದನೆಯ ಮಹಡಿ ದಾಟುವಾಗ ಕರೆಂಟು ಹೋಯಿತು, ಬ್ರೇಕು ಹಿಡಿಯಲಿಲ್ಲ, ಲಿಫ್ಟು ಕೆಳಗಿಳಿಯತೊಡಗಿತು. ಲಿಫ್ಟಿನ ಎರಡೂ ಪಕ್ಕ ಮೇಲಿಂದ ಕೆಳಗಿನವರೆಗೆ ಉಕ್ಕಿನ ಕಂಬಿಗಳಿರುತ್ತವೆ. ವೇಗ ಅಳತೆ ಮೀರಿದರೆ ಲಿಫ್ಟಿನ ಅಡಿಯಲ್ಲಿರುವ ಎರಡು ಕಬ್ಬಿಣದ ದವಡೆಗಳು ಆ ಕಂಬಿಗಳನ್ನು ಕಚ್ಚಿ ಹಿಡಿಯುತ್ತವೆ. ಅವತ್ತೂ ಹಿಡಿದವು. ಹೋದ ತಿಂಗಳು ಲಿಫ್ಟಿನ ಅಡಿಯಲ್ಲಿ ಅಂಗಾತ ಮಲಗಿ ಆ ದವಡೆಗಳ ಜಿಡ್ಡು ಕೆರೆದವನು ನಾನು. ಅದನ್ನು ಯಾರೂ ಕೇಳುವುದಿಲ್ಲ, ಬಿಡಿ.

ಮೂರನೆಯ ಮತ್ತು ನಾಲ್ಕನೆಯ ಮಹಡಿಯ ನಡುವೆ ಸಿಕ್ಕಿಕೊಂಡ ಎಂಟೂ ಜನ ಬಾಗಿಲು ಬಡಿಯುತ್ತಿದ್ದರು. ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಭಯದ ಸದ್ದು ಅದು. ಲಿಫ್ಟು ಬಿದ್ದು ಸತ್ತವರಿಗಿಂತ, ನಿಂತ ಲಿಫ್ಟಿನ ಬಾಗಿಲು ಮೀಟಿ ಹೊರಗೆ ಬರಲು ಹೋಗಿ ಸತ್ತವರನ್ನೇ ನಾನು ಹೆಚ್ಚು ಕೇಳಿದ್ದೇನೆ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಇದಕ್ಕೊಂದು ಉಪಾಯ ಹೇಳಿಕೊಟ್ಟಿದ್ದರು. "ಒಳಗಿರೋರ ಬಾಯಿಗೆ ಕೆಲಸ ಕೊಡು, ಕೈ ತಾನಾಗೇ ಸುಮ್ಮನಿರುತ್ತೆ. ದೇವರ ಹೆಸರು ಹೇಳಿಸು. ಎಷ್ಟು ಸಲ ಅಂತ ಲೆಕ್ಕ ಕೊಡು. ಲೆಕ್ಕ ಕೊಟ್ರೆ ಜನ ಬಾಗಿಲು ಮರೀತಾರೆ." ಅವರು ಮಹಾ ದೈವಭಕ್ತರೇನಲ್ಲ. ಕೈಯಿಂದ ಲಿಫ್ಟು ಎತ್ತಲು ಸುಮಾರು ಹತ್ತು ನಿಮಿಷ ಬೇಕು, ಒಂದು ಹೆಸರಿಗೆ ಎರಡು ಸೆಕೆಂಡು ಹಿಡಿದರೆ ಮುನ್ನೂರು. ಅಷ್ಟೇ ಅವರ ಶಾಸ್ತ್ರ.

ನಾನು ಕಾವಲುಗಾರನನ್ನು ಎಳೆದುಕೊಂಡು ತಾರಸಿಯ ಮೆಷಿನ್ ರೂಮಿಗೆ ಓಡಿದೆ. ಅಲ್ಲಿ ನೆಲದಲ್ಲಿ ಉಕ್ಕಿನ ಹಗ್ಗಗಳು ಇಳಿಯುವ ತೂತುಗಳಿವೆ. ಅದಕ್ಕೆ ಬಾಯಿ ಹಚ್ಚಿ ಕೂಗಿದರೆ ಲಿಫ್ಟಿನೊಳಗೆ ಕೇಳುತ್ತದೆ. ಕೆಳಗಿನ ಗಲಾಟೆಯಲ್ಲಿ ಅಕ್ಕನ ದನಿ ಗುರುತು ಸಿಕ್ಕಿತು.

"ಅಕ್ಕಾ, ನಾನು ಮೇಲಿದ್ದೀನಿ. ಯಾರೂ ಬಾಗಿಲು ಮುಟ್ಟಬೇಡಿ. ಕಾಪಾಡಪ್ಪಾ ಅಂತ ಎಲ್ಲರ ಕೈಲೂ ಮುನ್ನೂರು ಸಲ ಹೇಳಿಸು. ನೀನೇ ಎಣಿಸು. ಮುನ್ನೂರು ಆಗೋದ್ರೊಳಗೆ ಬಾಗಿಲು ತೆಗೆಯುತ್ತೆ."

ಬಡಿತ ನಿಂತಿತು. ಕಾಪಾಡಪ್ಪಾ ಒಂದು, ಕಾಪಾಡಪ್ಪಾ ಎರಡು ಎಂದು ಎಂಟು ಗಂಟಲು ಒಟ್ಟಿಗೆ ಶುರುವಾದವು. ಕಾವಲುಗಾರ ಬ್ರೇಕು ಸಡಿಲಿಸುವ ಲಿವರ್ ಒತ್ತಿ ಹಿಡಿದ, ನಾನು ಲಿಫ್ಟನ್ನು ಕೈಯಿಂದ ಎತ್ತುವ ಚಕ್ರ ಸುತ್ತಿದೆ. ಒಂದು ಸುತ್ತಿಗೆ ಲಿಫ್ಟು ಒಂದು ಬೆರಳಗಲ ಏರುತ್ತದೆ. ಎಂಟು ಜನರ ಭಾರ, ರಟ್ಟೆ ಕಿತ್ತು ಬಂತು. ಕೆಳಗೆ ಮುನ್ನೂರು ಮುಗಿದಾಗ ಇನ್ನೂ ಮೊಳದಷ್ಟು ಎತ್ತುವುದಿತ್ತು. ನಾನು ತೂತಿಗೆ ಬಾಯಿಟ್ಟು ಕೂಗಿದೆ: "ಮಧ್ಯೆ ಎಲ್ಲೋ ಎಣಿಕೆ ತಪ್ಪಿದೆ, ಇನ್ನೈವತ್ತು ಹೇಳಿ!"

ಹೇಳಿದರು. ನಾಲ್ಕನೆಯ ಮಹಡಿಗೆ ಲಿಫ್ಟು ಸಮವಾಯಿತು. ನಾನು ಇಳಿದು ಹೋಗಿ ಬಾಗಿಲು ತೆಗೆದೆ. ಎಂಟೂ ಜನ ಹೊರಗೆ ಬಂದು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ನನ್ನನ್ನು ದಾಟಿಕೊಂಡು ಹೋದರು. ಬೇಸರವಿಲ್ಲ. ಕೈಯೆಲ್ಲ ಗ್ರೀಸು ಮೆತ್ತಿದವನನ್ನು ಯಾರು ತಬ್ಬಿಕೊಳ್ಳುತ್ತಾರೆ?

ಅವತ್ತು ಸಂಜೆ ಅಕ್ಕನ ಮನೆಗೆ ಹೋದೆ. ಅವಳು ಬಟ್ಟೆ ಮಡಿಸುತ್ತಿದ್ದಳು. ಮುಖ ತೊಳೆದಿಟ್ಟ ಹಾಗೆ ಶಾಂತವಾಗಿತ್ತು.

"ಬುಧವಾರ ನಾನು ಆಸ್ಪತ್ರೆಗೆ ಹೋಗಲ್ಲ ಕಣೋ."

"ಯಾಕೆ?"

"ಒಳಗೆ ಸಿಕ್ಕಿಕೊಂಡಾಗ ನಾನು ದೇವರ ಹತ್ರ ಒಂದು ಗುರುತು ಕೇಳಿದೆ. ಮುನ್ನೂರಕ್ಕೆ ಸರಿಯಾಗಿ ಬಾಗಿಲು ತೆಗೆದ್ರೆ, ಈ ಗಂಟನ್ನೂ ನೀನೇ ಕರಗಿಸ್ತೀಯ ಅಂತ ತಿಳ್ಕೋತೀನಿ ಅಂದೆ. ಸರಿಯಾಗಿ ಮುನ್ನೂರಕ್ಕೆ ತೆಗೀತು."

ನಾನು ಅವಳ ಕೈಯ ಬಟ್ಟೆ ಕಿತ್ತು ಪಕ್ಕಕ್ಕಿಟ್ಟೆ. ಆಮೇಲೆ ಎಲ್ಲವನ್ನೂ ಹೇಳಿದೆ. ದವಡೆ, ಚಕ್ರ, ಮೇಸ್ತ್ರಿಯ ಉಪಾಯ, ಹತ್ತು ನಿಮಿಷ, ಐವತ್ತು.

"ಐವತ್ತಾ? ಯಾವ ಐವತ್ತು?"

"ನಾನೇ ಕೂಗಿದ್ನಲ್ಲ ಅಕ್ಕ, ಇನ್ನೈವತ್ತು ಹೇಳಿ ಅಂತ!"

"ಇಲ್ಲಪ್ಪ. ಎಣಿಸಿದವಳು ನಾನು. ಮುನ್ನೂರು."

"ಮುನ್ನೂರು ಹೇಳು ಅಂತ ಹೇಳಿದ್ದೇ ನಾನು! ಅದು ನಮ್ಮ ಕೆಲಸದ ಮಾತು. ದೇವರಿಗೂ ಅದಕ್ಕೂ ಸಂಬಂಧ ಇಲ್ಲ."

ಅಕ್ಕ ನಕ್ಕಳು. ನಾನು ಚಿಕ್ಕವನಿದ್ದಾಗ ಚಂದ್ರ ನಮ್ಮ ಹಿಂದೆಯೇ ಬರುತ್ತಾನೆ ಎಂದಾಗ ನಕ್ಕಿದ್ದಳಲ್ಲ, ಅದೇ ನಗು. "ನಿನ್ನ ಬಾಯಲ್ಲಿ ಮುನ್ನೂರು ಅನ್ನಿಸಿದ್ದು ಯಾರು ಅಂತೀಯ? ಅವನೇ."

ನಾನು ಮಾಡಿದ್ದೆಲ್ಲ ಅವನದು, ನಾನು ಅಲ್ಲ ಎಂದದ್ದೂ ಅವನದೇ. ಭಾವನ ಕಡೆ ತಿರುಗಿದೆ. ಗಾಳಿ ಬಂದ ಕಡೆ ತೂರಿಕೊಳ್ಳುವ ಮನುಷ್ಯ ಕನ್ನಡಕ ಒರೆಸುತ್ತಾ, "ಅವಳಿಗೆ ನೆಮ್ಮದಿ ಸಿಕ್ಕಿದೆ, ಈಗ ಒತ್ತಾಯ ಬೇಡ, ಸ್ವಲ್ಪ ದಿನ ನೋಡೋಣ" ಎಂದರು. ನೋಡೋಣ! ಲೈನಿಂಗಿಗೂ ನೋಡೋಣ, ಗಂಟಿಗೂ ನೋಡೋಣ. ಬಾಗಿಲನ್ನು ದಡಾರನೆ ಎಳೆದುಕೊಂಡು ಬಂದುಬಿಟ್ಟೆ.

ಮರುದಿನ ಸಾಕ್ಷಿ ಹುಡುಕಲು ಹೊರಟೆ. ಲಿಫ್ಟಿನಲ್ಲಿದ್ದ ಉಳಿದ ಏಳೂ ಜನರನ್ನು ಒಬ್ಬೊಬ್ಬರನ್ನಾಗಿ ಹಿಡಿದು ಕೇಳಿದೆ. ಏಳೂ ಜನ ಮುನ್ನೂರು ಎಂದರು. ಒಬ್ಬ ಗುಮಾಸ್ತನಂತೂ, ಮುನ್ನೂರು ಎನ್ನುವಾಗ ಲಿಫ್ಟಿನೊಳಗೆ ಬೆಳಕು ಕಂಡಿತು ಎಂದ. ಕಂಡಿರುತ್ತದೆ, ಬಾಗಿಲು ತೆಗೆದರೆ ಬೆಳಕಲ್ಲದೆ ಇನ್ನೇನು ಬರುತ್ತದೆ? ಕೊನೆಗೆ ಕಾವಲುಗಾರನ ಹತ್ತಿರ ಹೋದೆ. ಅವನು ನನ್ನ ಪಕ್ಕದಲ್ಲೇ ಲಿವರ್ ಹಿಡಿದು ನಿಂತಿದ್ದವನು, ನಾನು ಐವತ್ತು ಎಂದು ಅರಚಿದ್ದು ಅವನ ಕಿವಿಯ ಬುಡದಲ್ಲಿ.

"ಮುನ್ನೂರೇ ಅಲ್ವಾ ಸಾರ್" ಎಂದ. "ಎಲ್ಲರೂ ಹಾಗೇ ಹೇಳ್ತಿದ್ದಾರೆ."

ಬುಧವಾರ ಅಕ್ಕ ಕೆಲಸಕ್ಕೆ ಹೋದಳು. ಆಸ್ಪತ್ರೆಯ ಆ ಜಾಗವನ್ನು ಬೇರೆಯವರಿಗೆ ಕೊಟ್ಟರು.

ಆರನೆಯ ಮಹಡಿಯಲ್ಲಿ ಅವಳು ದೊಡ್ಡ ಮನುಷ್ಯಳಾಗಿಬಿಟ್ಟಳು. ಊಟದ ಹೊತ್ತಿಗೆ ಹೆಂಗಸರು ಸುತ್ತ ಕೂರುತ್ತಿದ್ದರು, ಅವಳು ಲಿಫ್ಟಿನ ಕಥೆ ಹೇಳುತ್ತಿದ್ದಳು. ಅವಳ ಪಕ್ಕದ ಮಿಷನ್ನಿನಲ್ಲಿ ಗುಂಡಿ ಹೊಲಿಯುವ ಹೆಂಗಸು ಕೂರುತ್ತಾಳೆ, ಎಲ್ಲರೂ ಅವಳನ್ನು ಗುಂಡಿಯಮ್ಮ ಎನ್ನುತ್ತಾರೆ. ಹೋದ ವರ್ಷ ಅವಳ ಗಂಡ ತೀರಿಕೊಂಡ. ನಲವತ್ತು ದಿನ ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಕೇಳಿಕೊಳ್ಳದ ದೇವರಿರಲಿಲ್ಲ. ಒಂದು ದಿನ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿದಳು.

"ನಿಮ್ಮಕ್ಕ ನಿನ್ನೆ ಏನಂದ್ರು ಗೊತ್ತಾ? ಪೂರ್ತಿ ನಂಬಿ ಕೇಳಿದ್ರೆ ಅವನು ಇಲ್ಲ ಅನ್ನಲ್ಲ ಅಂತ. ಅಂದ್ರೆ ನಾನು ಪೂರ್ತಿ ನಂಬಲಿಲ್ಲ ಅಂತ ತಾನೇ? ಅವರ ಲೆಕ್ಕದಲ್ಲಿ ನನ್ನ ಗಂಡ ನನ್ನಿಂದಲೇ ಸತ್ತ ಹಾಗಾಯ್ತು."

ಅವಳ ಕಣ್ಣಲ್ಲಿ ನೀರಿರಲಿಲ್ಲ, ಅದೇ ನನ್ನನ್ನು ಹೆಚ್ಚು ಸುಟ್ಟಿತು. ಗೆದ್ದರೆ ದೇವರ ಕೃಪೆ, ಸೋತರೆ ಇವಳ ಕೊರತೆ. ಇಂಥ ವ್ಯಾಪಾರವನ್ನು ಯಾವ ಅಂಗಡಿಯವನು ಮಾಡಿದರೂ ಜನ ಹಿಡಿದು ಒದೆಯುತ್ತಿದ್ದರು. ಆದರೆ ಈ ಅಂಗಡಿಗೆ ಸರಕು ಹೊತ್ತು ಹಾಕಿದವನು ನಾನೇ ಅಲ್ಲವೇ? ಮುನ್ನೂರು ಎಂಬ ಸಂಖ್ಯೆ ಆಕಾಶದಿಂದ ಉದುರಲಿಲ್ಲ, ನನ್ನ ಬಾಯಿಂದ ಬಿತ್ತು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ನನ್ನ ವಿಷಯದಲ್ಲಿ ಮಾಡಿದವನು ನಾನು, ಉಣ್ಣುವವಳು ಅಕ್ಕ.

ಇನ್ನು ಆ ಕಾರ್ಯದರ್ಶಿ. ನಾನು ಸವೆದ ಲೈನಿಂಗನ್ನೇ ಸದ್ಯಕ್ಕೆ ಬಿಗಿ ಮಾಡಿ, ಹೊಸದು ಬರುವವರೆಗೆ "ನಾಲ್ಕು ಜನ ಮಾತ್ರ" ಎಂದು ಕೆಂಪಕ್ಷರದ ಹಲಗೆ ಬರೆಸಿ ಲಿಫ್ಟಿನೊಳಗೆ ತಗುಲಿಸಿದ್ದೆ. ಲಿಫ್ಟನ್ನು ಪೂರ್ತಿ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ, ಅದು ನನ್ನ ತಪ್ಪು. ವಾರ ಕಳೆಯುವುದರೊಳಗೆ ಕಾರ್ಯದರ್ಶಿ ಆ ಹಲಗೆಯ ಮೇಲೆಯೇ ಗಾಜು ಹಾಕಿಸಿದ ದೇವರ ಪಟ ನೇತುಹಾಕಿದ. ಕೇಳಿದರೆ, "ಎಂಟು ಜನರನ್ನ ಹಿಡಿದವನು ನಾಲ್ಕು ಜನರ ಲೆಕ್ಕ ಇಡ್ತಾನೇನಪ್ಪ?" ಎಂದು ನನ್ನ ಬೆನ್ನು ತಟ್ಟಿದ. ಆ ಕೈಯನ್ನು ಮುರಿಯಬೇಕೆನ್ನಿಸಿತು.

ಮೂರು ವಾರ ಕಳೆದವು. ಹೊಸ ಲೈನಿಂಗ್ ಕೊನೆಗೂ ಬಂತು. ಅದನ್ನು ಚೀಲದಲ್ಲಿ ಹಾಕಿಕೊಂಡು ಬೆಳಿಗ್ಗೆ ಹತ್ತರ ಸುಮಾರಿಗೆ ಮೆಟ್ಟಿಲು ಹತ್ತಿದೆ. ಆರನೆಯ ಮಹಡಿಯಲ್ಲಿ ಅಕ್ಕನನ್ನು ಹೊರಗೆ ಕರೆದೆ. ಗಂಟು ಹೇಗಿದೆ ಎಂದೆ. ಹಾಗೇ ಇದೆ ಎಂದಳು. ಹಾಗೇ ಎಂದರೆ ಹೇಗೆ ಎಂದೆ. ಅವಳು ಸಿಟ್ಟಾದಳು, ನಾನೂ ಸಿಟ್ಟಾದೆ. ಅಷ್ಟರಲ್ಲಿ ಲಿಫ್ಟು ಓಡಾಡುವ ಬಾವಿಯೊಳಗಿಂದ ಧಡ್ ಎಂಬ ಸದ್ದು ಬಂತು. ಆ ಸದ್ದು ನನಗೆ ಗೊತ್ತು. ದವಡೆ ಕಂಬಿಯನ್ನು ಕಚ್ಚಿದ ಸದ್ದು.

ಏಳು ಜನ ಹತ್ತಿದ್ದರು. ಸ್ವತಃ ಕಾರ್ಯದರ್ಶಿ ಇದ್ದ. ಲಿವರ್ ಹಿಡಿಯಬೇಕಾದ ಕಾವಲುಗಾರನೂ ಅದರೊಳಗೇ ಇದ್ದ. ನಾನು ಅಕ್ಕನ ಕೈ ಹಿಡಿದು ತಾರಸಿಗೆ ಎಳೆದೆ.

"ನಂಗೇನು ಗೊತ್ತಾಗುತ್ತೋ ಇದೆಲ್ಲ?"

"ಗೊತ್ತಾಗಬೇಕಾಗಿಲ್ಲ. ಈ ಲಿವರ್ ಒತ್ತಿ ಹಿಡಿ. ನಾನು ಬಿಡು ಅಂದ ತಕ್ಷಣ ಬಿಡು."

ಅವಳು ಎರಡೂ ಕೈಯಿಂದ ಒತ್ತಿ ಹಿಡಿದಳು. ಇಪ್ಪತ್ತೈದು ವರ್ಷ ಕತ್ತರಿ ಹಿಡಿದ ಕೈ ಅದು. ಕೆಳಗೆ ಬಾಗಿಲು ಬಡಿಯುತ್ತಿದ್ದರು. ಒಬ್ಬ ಬಾಗಿಲ ಸಂದಿಗೆ ಏನೋ ತೂರಿಸಿ ಮೀಟುತ್ತಿದ್ದ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ದೇವರಾಣೆಗೂ, ಅಂದರೆ ನನಗೆ ಯಾರ ಆಣೆ ಇದೆಯೋ ಅವರ ಆಣೆಗೂ, ನಾನು ಅಕ್ಕನಿಗೆ ಪಾಠ ಕಲಿಸಲು ಹಾಗೆ ಮಾಡಲಿಲ್ಲ. ಹೆದರಿಕೆಯಲ್ಲಿ ಹತ್ತೊಂಬತ್ತು ವರ್ಷದ ಅಭ್ಯಾಸವೇ ಬಾಯಿಗೆ ಬಂತು. ತೂತಿಗೆ ಬಾಯಿ ಹಚ್ಚಿ, "ಯಾರೂ ಬಾಗಿಲು ಮುಟ್ಟಬೇಡಿ! ಕಾಪಾಡಪ್ಪಾ ಅಂತ ಮುನ್ನೂರು ಸಲ ಹೇಳಿ! ಮುನ್ನೂರಕ್ಕೆ ತೆಗೆಯುತ್ತೆ!" ಎಂದು ಕೂಗಿದೆ.

ಬಡಿತ ನಿಂತಿತು. ಕಾರ್ಯದರ್ಶಿಯ ದಪ್ಪ ದನಿ ಎಣಿಸತೊಡಗಿತು. ಅಕ್ಕ ನನ್ನನ್ನು ನೋಡಿದಳು. ನಾನು ಸುತ್ತಿದೆ. ನೂರಾಯಿತು, ಇನ್ನೂರಾಯಿತು. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಮುನ್ನೂರು ಎಂದು ಕಾರ್ಯದರ್ಶಿ ವಿಜಯದಿಂದ ಕೂಗಿದಾಗ ಲಿಫ್ಟು ಮಹಡಿಗೆ ಸಮವಾದದ್ದನ್ನು ತೋರಿಸುವ ಹಗ್ಗದ ಮೇಲಿನ ಹಳದಿ ಗುರುತು ಇನ್ನೂ ಗೇಣು ದೂರವಿತ್ತು.

"ಮಧ್ಯೆ ಎಲ್ಲೋ ಎಣಿಕೆ ತಪ್ಪಿದೆ, ಇನ್ನೈವತ್ತು ಹೇಳಿ!"

ಚಕ್ರ ತಟ್ಟನೆ ನಿಂತಿತು. ಅಕ್ಕ ಲಿವರ್ ಬಿಟ್ಟಿದ್ದಳು. ಕೆಳಗಿನಿಂದ ಕಾಪಾಡಪ್ಪಾ ಒಂದು, ಕಾಪಾಡಪ್ಪಾ ಎರಡು ಎಂದು ಕೇಳಿಬರುತ್ತಿತ್ತು.

"ನಂಗೂ ಹೇಳಿದ್ದೆ" ಎಂದಳು ಅಕ್ಕ.

"ಹ್ಞೂಂ."

"ಇದೇ ಮಾತು. ಎಣಿಕೆ ತಪ್ಪಿದೆ ಅಂತ. ನಾನು ಎಣಿಕೆ ತಪ್ಪೋಳಲ್ಲ, ಯಾಕೆ ಹೀಗಂತಾನೆ ಅಂತ ಆಗ ಬೇಜಾರೂ ಆಗಿತ್ತು." ಅವಳು ಗ್ರೀಸು ಮೆತ್ತಿದ ಅಂಗೈಗಳನ್ನು ನೋಡಿಕೊಂಡಳು. "ಹೊರಗೆ ಬಂದ ಮೇಲೆ ಅದು ಎಲ್ಲಿ ಹೋಯ್ತೋ?"

"ಅಕ್ಕ, ಲಿವರ್."

ಅವಳು ಮತ್ತೆ ಒತ್ತಿ ಹಿಡಿದಳು. "ಸುತ್ತು" ಎಂದಳು. ನನ್ನ ಮುಖ ನೋಡಲಿಲ್ಲ.

ಬಾಗಿಲು ತೆಗೆದಾಗ ಕಾರ್ಯದರ್ಶಿ ಎರಡೂ ಕೈ ಎತ್ತಿಕೊಂಡೇ ಹೊರಗೆ ಬಂದ. "ನೋಡಿದ್ರಾ! ಮತ್ತೆ ಸರಿಯಾಗಿ ಮುನ್ನೂರಕ್ಕೆ!"

ಹಿಂದೆ ಬಂದವರು ಹೌದು ಹೌದು ಎಂದರು. ಕಾವಲುಗಾರ ಎಲ್ಲರಿಗಿಂತ ಜೋರಾಗಿ ಎಂದ.

"ಮುನ್ನೂರೈವತ್ತು" ಎಂದಳು ಅಕ್ಕ. ನನ್ನ ಹಿಂದೆಯೇ ಇಳಿದು ಬಂದಿದ್ದಳು. "ನಾನು ಮೇಲಿದ್ದೆ. ಲಿವರ್ ಹಿಡಿದವಳು ನಾನು."

ಕಾರ್ಯದರ್ಶಿ ಅವಳ ಗ್ರೀಸು ಮೆತ್ತಿದ ಕೈಗಳನ್ನು ನೋಡಿ ಕರಗಿಹೋದ. "ಅಮ್ಮಾ, ನಿಮ್ಮ ಕೈಲಿ ಹಿಡಿಸಿದವನು ಅವನೇ!"

ಅಕ್ಕನ ಮುಖ ಕೆಂಪಾಯಿತು. ತಾನೇ ಹೊಲಿದ ಅಂಗಿಯನ್ನು ಇನ್ನೊಬ್ಬರು ತೊಟ್ಟು ಎದುರಿಗೆ ನಿಂತ ಹಾಗಿತ್ತು ಅವಳಿಗೆ. ನೇರ ಲಿಫ್ಟಿನೊಳಗೆ ಹೋದಳು, ಪಟವನ್ನು ಮೊಳೆಯಿಂದ ತೆಗೆದಳು. ಹಿಂದೆ ನನ್ನ ಕೆಂಪಕ್ಷರದ ಹಲಗೆ ಹಾಗೆಯೇ ಇತ್ತು. ಅವಳು ಪಟವನ್ನು ಸೆರಗಿನಿಂದ ಒರೆಸಿ ಕಾರ್ಯದರ್ಶಿಯ ಎದೆಗೆ ಒತ್ತಿದಳು.

"ಇವನನ್ನ ನಿಮ್ಮ ಮನೇಲಿಟ್ಟು ಕೈ ಮುಗೀರಿ. ಹಲಗೆ ಮುಚ್ಚೋಕೆ ಇಡಬೇಡಿ. ನೀವು ಕೇಳಿಕೊಂಡ್ರಿ, ಅದಕ್ಕೆ ಉಳಿದ್ರಿ ಅಂತೀರಿ. ಹಾಗಾದ್ರೆ ಗುಂಡಿಯಮ್ಮನ ಗಂಡನಿಗೋಸ್ಕರ ಯಾರೂ ಕೇಳಲಿಲ್ವಾ?"

ಏಳು ಜನರಲ್ಲಿ ಐದು ಜನ ಅಷ್ಟು ಹೊತ್ತಿಗೆ ತಮ್ಮ ತಮ್ಮ ಕಚೇರಿಗೆ ಹೋಗಿ ಕಥೆ ಹೇಳಲು ಶುರು ಮಾಡಿದ್ದರು.

ಗೆದ್ದೆ ಎಂದುಕೊಂಡು ನಾನು ಮೆಟ್ಟಿಲಲ್ಲಿ ಅವಳ ಜೊತೆ ಹೆಜ್ಜೆ ಹಾಕಿದೆ. ಎರಡನೆಯ ಮಹಡಿಯ ತಿರುವಿನಲ್ಲಿ ಅವಳು ನಿಂತಳು. ನನ್ನ ಕಡೆ ತಿರುಗಿದಳು. ಆ ಮುಖವನ್ನು ನಾನು ಹಿಂದೆ ನೋಡಿದ್ದು ಒಂದೇ ಸಲ, ಎಂಟನೆಯ ವಯಸ್ಸಿನಲ್ಲಿ ಅವಳ ಡಬ್ಬಿಯಿಂದ ದುಡ್ಡು ಕದ್ದು ಸಿಕ್ಕಿಬಿದ್ದಾಗ.

"ಅವತ್ತು ಒಳಗಿರೋದು ನಾನು ಅಂತ ನಿಂಗೆ ಗೊತ್ತಿತ್ತು. ಅಕ್ಕಾ ಅಂತ ಕರೆದೆ."

"ಗೊತ್ತಿತ್ತು."

"ನಾನು ಚಕ್ರ ಸುತ್ತುತಾ ಇದ್ದೀನಿ, ಹತ್ತು ನಿಮಿಷ ಆಗುತ್ತೆ, ಸುಮ್ಮನಿರು ಅಕ್ಕ ಅಂದಿದ್ರೆ ನಾನು ಸುಮ್ಮನಿರ್ತಿರಲಿಲ್ವಾ? ಆ ಏಳೂ ಜನರ ಕೈ ಹಿಡಿದು ಕೂರಿಸ್ತಿದ್ದೆ. ಮೇಲಿರೋದು ನನ್ನ ತಮ್ಮ, ಅವನಿಗೆ ಕೆಲಸ ಗೊತ್ತು ಅಂತಿದ್ದೆ. ನಿನ್ನನ್ನ ನಂಬ್ತಿದ್ದೆ ಕಣೋ. ನನ್ನ ನಂಬಿಕೆ ನಿಂಗೆ ಸಾಲಲಿಲ್ಲ, ದೇವರನ್ನ ಕರ್ಕೊಂಡು ಬಂದೆ."

ಹಾಗೆ ಹೇಳಿ ಇಳಿದುಹೋದಳು. ನಾನು ಚೀಲ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಜಗತ್ತಿನ ಪವಾಡಗಳನ್ನೆಲ್ಲ ಬಯ್ಯಲು ನನ್ನ ಬಾಯಲ್ಲಿ ಮಾತಿತ್ತು, ಇದಕ್ಕೊಂದಕ್ಕೆ ಇರಲಿಲ್ಲ. ಅವತ್ತು ಸಂಜೆಯವರೆಗೆ ಲೈನಿಂಗ್ ಹಾಕಿದೆ. ಲಿಫ್ಟನ್ನು ಹತ್ತು ಸಲ ಏರಿಸಿ ಇಳಿಸಿ ನೋಡಿದ ಮೇಲೆಯೇ ಮನೆಗೆ ಹೋದೆ.

ಆಸ್ಪತ್ರೆಯಲ್ಲಿ ಮತ್ತೆ ಜಾಗ ಸಿಗಲು ಇನ್ನೂ ಎರಡು ವಾರ ಹಿಡಿಯಿತು. ಒಟ್ಟು ಐದು ವಾರ. ಡಾಕ್ಟರು ಪರೀಕ್ಷೆ ಮಾಡಿ, ಗಂಟು ದೊಡ್ಡದಾಗಿದೆ, ಕಂಕುಳಲ್ಲೂ ಒಂದು ಸಿಕ್ಕಿದೆ ಎಂದರು. "ಇಷ್ಟು ದಿನ ಎಲ್ಲಿದ್ರಿ?" ಎಂದು ಗದರಿದರು. ಭಾವ ಕನ್ನಡಕ ಒರೆಸಿದರು. ಅಕ್ಕ ನನ್ನ ಕಡೆ ಬೆರಳು ತೋರಿಸಬಹುದಿತ್ತು. ತೋರಿಸಲಿಲ್ಲ. ನನಗೆ ಬಂದ ಸಿಟ್ಟಿಗೆ ಆ ಕೋಣೆಯ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನ್ನಿಸಿತು. ಐದು ವಾರ! ಐವತ್ತು ಹೆಸರು ಮರೆತದ್ದಕ್ಕೆ ಐದು ವಾರ!

ಆಪರೇಷನ್ನಿನ ಬೆಳಿಗ್ಗೆ ಅವಳನ್ನು ಗಾಲಿಮಂಚದ ಮೇಲೆ ತಳ್ಳಿಕೊಂಡು ಹೋಗುವಾಗ ನಾನೂ ಪಕ್ಕದಲ್ಲಿ ನಡೆದೆ. ಆ ಮೆಟ್ಟಿಲ ದಿನದಿಂದ ಅವಳು ನನ್ನೊಡನೆ ನಾಲ್ಕು ಮಾತೂ ಆಡಿರಲಿಲ್ಲ. ಬಾಗಿಲ ಹತ್ತಿರ ಬಂದಾಗ ಕಣ್ಣು ತೆರೆದಳು. ಕೈ ನೀಡಿದಳು. ಬೆರಳು ತಣ್ಣಗಿದ್ದವು.

"ಎಷ್ಟು ಹೊತ್ತಾಗುತ್ತಂತೆ?"

"ಮೂರು ಗಂಟೆ ಅಂದ್ರು."

"ಆಮೇಲೆ ನಾನು ಹುಷಾರಾಗ್ತೀನಾ?"

ಹೌದಕ್ಕ, ಖಂಡಿತ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹತ್ತೊಂಬತ್ತು ವರ್ಷದ ಅಭ್ಯಾಸ. ಹಲ್ಲು ಕಚ್ಚಿ ಅದನ್ನು ನುಂಗಿದೆ.

"ಗೊತ್ತಿಲ್ಲ ಅಕ್ಕ" ಎಂದೆ. "ನಾನು ಇಲ್ಲೇ ಹೊರಗೆ ಇರ್ತೀನಿ. ಅದು ಮಾತ್ರ ಗೊತ್ತು."

ಅಕ್ಕ ನನ್ನ ಬೆರಳನ್ನು ಒಮ್ಮೆ ಗಟ್ಟಿಯಾಗಿ ಒತ್ತಿದಳು, ಲಿವರ್ ಒತ್ತಿದ್ದಳಲ್ಲ, ಅಷ್ಟೇ ಗಟ್ಟಿಯಾಗಿ.

"ಹಾಗನ್ನು" ಎಂದಳು. ಬಾಗಿಲು ಮುಚ್ಚಿತು.